ದಡ್ಡಿ ಅನ್ನಿಸಿಕೊಂಡ ಹುಡುಗಿ ಲೋಕವನ್ನೇ ನಗಿಸಿದಳು



ಒಬ್ಬರೇ ವೇದಿಕೆ ಮೇಲೆ ನಿಂತು, ಬರೀ ಮಾತಿನಿಂದ ಜನರನ್ನು ನಗಿಸುವುದು ಸುಲಭವಲ್ಲ. ಜೊತೆಗೆ ಯಾರೂ ಇರೋದಿಲ್ಲ. ಮಾತು ಮರೆತರೆ ಎತ್ತಿ ಕೊಡುವವರೂ ಇಲ್ಲ. ಅಮೆರಿಕ ದೇಶದಲ್ಲಿ ಈ ಕಲೆಯಿಂದ ಹೆಸರಾದ ಒಬ್ಬ ಹೆಂಗಸು ಇದ್ದಾರೆ. ಅವರೇ ವೂಪಿ ಗೋಲ್ಡ್‌ಬರ್ಗ್. ಅವರು ಸಿನಿಮಾ ನಟಿಯೂ ಹೌದು. ಬನ್ನಿ, ಅವರ ಕತೆ ಓದೋಣ.

ಓದು ಹತ್ತದ ಹುಡುಗಿ

ವೂಪಿ ಹುಟ್ಟಿದ್ದು 1955ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಮನೆಯಲ್ಲಿ ಇಟ್ಟ ಹೆಸರು ಕ್ಯಾರಿನ್ ಜಾನ್ಸನ್. ಕಪ್ಪು ಜನಾಂಗದ ಬಡ ಕುಟುಂಬ. ಅಪ್ಪ ಮನೆ ಬಿಟ್ಟು ಹೋದ. ತಾಯಿ ಎಮ್ಮಾ ದುಡಿದು, ಒಬ್ಬರೇ ಇಬ್ಬರು ಮಕ್ಕಳನ್ನು ಸಾಕಿದರು.

ಶಾಲೆಯಲ್ಲಿ ಕ್ಯಾರಿನ್‌ಗೆ ಓದು ಹತ್ತಲಿಲ್ಲ. ಅಕ್ಷರ ಕೂಡಿಸಿ ಓದುವುದೇ ದೊಡ್ಡ ಕಷ್ಟ. ಕಂಡವರು "ದಡ್ಡಿ", "ಸೋಮಾರಿ" ಅಂದರು. ತಾಯಿ ಮಾತ್ರ ಹಾಗೆ ಅನ್ನಲಿಲ್ಲ. ನೀನು ದಡ್ಡಿಯಲ್ಲ, ಏನು ಬೇಕಾದರೂ ಆಗಬಲ್ಲೆ ಅಂತ ಧೈರ್ಯ ತುಂಬಿದರು.

ಅವಳಿಗೆ ಇದ್ದದ್ದು ಡಿಸ್ಲೆಕ್ಸಿಯಾ ಎಂಬ ತೊಂದರೆ. ಇದು ಇದ್ದವರಿಗೆ ಅಕ್ಷರ ಗುರುತಿಸಿ ಓದುವುದು ಕಷ್ಟ. ಆದರೆ ಬುದ್ಧಿಗೆ ಏನೂ ಕೊರತೆ ಇರೋದಿಲ್ಲ. ತಾಳ್ಮೆಯಿಂದ ಕಲಿಸಿದರೆ ಅವರೂ ಓದು ಕಲಿಯುತ್ತಾರೆ. ಕ್ಯಾರಿನ್‌ಗೆ ತನ್ನ ತೊಂದರೆಯ ಹೆಸರು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಅವಳು ಶಾಲೆ ಬಿಟ್ಟಾಗಿತ್ತು.

ಹೊಟ್ಟೆಪಾಡು, ಜೊತೆಗೆ ನಾಟಕ

1973ರಲ್ಲಿ ಒಬ್ಬ ಮಗಳು ಹುಟ್ಟಿದಳು. ಗಂಡನ ಜೊತೆ ಬಾಳುವೆ ಮುರಿಯಿತು. ಮಗಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಮಾಡಿದರು. ಹೆಣಗಳಿಗೆ ಅಲಂಕಾರ ಮಾಡುವ ಕೆಲಸವನ್ನೂ ಮಾಡಿದರು. ಸಾಲದಾಗ ಸರ್ಕಾರದ ಸಹಾಯಧನದಲ್ಲಿ ದಿನ ದೂಡಿದರು. ನಾಟಕ ಮಾತ್ರ ಬಿಡಲಿಲ್ಲ.

ಹೆಸರು ಬದಲಾದದ್ದೂ ಆಗಲೇ. ಕೂತರೆ 'ಪುರ್' ಅಂತ ಸದ್ದು ಮಾಡುವ ಆಟದ ದಿಂಬೊಂದಿದೆ. ಅದರ ಹೆಸರಿನಿಂದ 'ವೂಪಿ' ಬಂತು!

1984ರಲ್ಲಿ ವೂಪಿ ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಯಲ್ಲಿ ಒಬ್ಬರೇ ಪ್ರದರ್ಶನ ಕೊಟ್ಟರು. ಹಲವು ಪಾತ್ರ, ಎಲ್ಲಕ್ಕೂ ಒಬ್ಬರೇ. ಅದರಲ್ಲಿ ಒಂದು ಪಾತ್ರ ಪುಟ್ಟ ಕಪ್ಪು ಹುಡುಗಿ. ಅವಳು ತಲೆ ಮೇಲೆ ಬಟ್ಟೆ ಹೊದ್ದು, ಇದು ನನ್ನ ಉದ್ದನೆಯ ಚಿನ್ನದ ಬಣ್ಣದ ಕೂದಲು ಅನ್ನುತ್ತಾಳೆ. ಟಿ.ವಿ.ಯಲ್ಲಿ ತನ್ನಂಥವರು ಯಾರೂ ಕಾಣೋದಿಲ್ಲ ಅನ್ನುವುದೇ ಅವಳ ಕೊರಗು. ಇದನ್ನು ನೋಡಿದರೆ ಮೊದಲು ನಗು ಬರುತ್ತದೆ. ಹಿಂದೆಯೇ ಎದೆ ಚುರುಕ್ ಅನ್ನುತ್ತದೆ.

ಒಂದು ಪತ್ರ

'ದಿ ಕಲರ್ ಪರ್ಪಲ್' ಆಲಿಸ್ ವಾಕರ್ ಬರೆದ ಕಾದಂಬರಿ. ವೂಪಿಗೆ ಅದು ಬಹಳ ಮೆಚ್ಚುಗೆಯಾಯಿತು. ಸಿನಿಮಾ ಆದರೆ ಎಷ್ಟು ಚಿಕ್ಕ ಪಾತ್ರವಾದರೂ ಸರಿ, ನನಗೆ ಕೊಡಿ ಅಂತ ಲೇಖಕಿಗೆ ಪತ್ರ ಬರೆದರು. ಸಿಕ್ಕಿದ್ದು ಮುಖ್ಯ ಪಾತ್ರವೇ! ಸಿನಿಮಾ 1985ರಲ್ಲಿ ಬಂತು.

ಅದರ ನಾಯಕಿ ಸೀಲಿ. ಅವಳಿಗೆ ಗಂಡನ ಹೊಡೆತ, ಬೈಗುಳ ತಪ್ಪಿದ್ದಲ್ಲ. ತಂಗಿ ನೆಟ್ಟಿ ಅವಳಿಗೆ ಓದು ಕಲಿಸುತ್ತಾಳೆ. ಮನೆಯ ಸಾಮಾನುಗಳಿಗೆ ಹೆಸರಿನ ಚೀಟಿ ಅಂಟಿಸಿ ಕಲಿಸುತ್ತಾಳೆ. ಗಂಡ ತಂಗಿಯನ್ನು ಮನೆಯಿಂದ ಓಡಿಸುತ್ತಾನೆ. ಅವಳು ಬರೆದ ಪತ್ರಗಳನ್ನು ಎಷ್ಟೋ ವರ್ಷ ಬಚ್ಚಿಡುತ್ತಾನೆ. ಕೊನೆಗೊಂದು ದಿನ ಪತ್ರಗಳು ಸೀಲಿಯ ಕೈಗೆ ಸಿಗುತ್ತವೆ. ಅವಳಿಗೆ ಓದು ಬರುತ್ತಿತ್ತಲ್ಲ! ತಂಗಿ ಬದುಕಿದ್ದಾಳೆ ಅಂತ ತಿಳಿಯುತ್ತದೆ. ಸೀಲಿ ಗಂಡನಿಗೆ ಎದುರು ನಿಂತು ಮಾತಾಡುತ್ತಾಳೆ. ಮನೆ ಬಿಟ್ಟು ಹೊರಟು, ಬಟ್ಟೆ ಹೊಲಿದು ಸ್ವಂತ ಕಾಲ ಮೇಲೆ ನಿಲ್ಲುತ್ತಾಳೆ.

ಬಹುಮಾನಗಳು

1990ರಲ್ಲಿ 'ಘೋಸ್ಟ್' ಸಿನಿಮಾ ಬಂತು. ಅದರಲ್ಲಿ ವೂಪಿ, ಸತ್ತವರ ಜೊತೆ ಮಾತಾಡ್ತೀನಿ ಅಂತ ಸುಳ್ಳು ಹೇಳಿ ದುಡ್ಡು ಕೀಳುವ ಹೆಂಗಸು. ಒಂದು ದಿನ ನಿಜವಾದ ದೆವ್ವವೇ ಮಾತಾಡಿಸುತ್ತದೆ! ಈ ಪಾತ್ರಕ್ಕೆ 1991ರಲ್ಲಿ ಆಸ್ಕರ್ ಬಹುಮಾನ ಬಂತು.

ಅದಕ್ಕೂ ಮೊದಲು ನಟನೆಗೆ ಆಸ್ಕರ್ ಪಡೆದ ಕಪ್ಪು ಜನಾಂಗದ ನಟಿ ಒಬ್ಬರೇ. ಅವರು ಹ್ಯಾಟಿ ಮೆಕ್‌ಡೇನಿಯಲ್. ಅದು 1940ರಲ್ಲಿ. ಅಂದಿನ ಸಮಾರಂಭದಲ್ಲಿ ಅವರನ್ನು ಉಳಿದವರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದ್ದರು. 1994ರಲ್ಲಿ ಅದೇ ಆಸ್ಕರ್ ಸಮಾರಂಭವನ್ನು ವೂಪಿ ಒಬ್ಬರೇ ನಿಂತು ನಡೆಸಿಕೊಟ್ಟರು. ಅದಕ್ಕೆ ಮುಂಚೆ ಯಾವ ಹೆಂಗಸೂ ಒಬ್ಬಳೇ ಅದನ್ನು ನಡೆಸಿರಲಿಲ್ಲ.

ಅಕ್ಷರ ತಡವಾಗಿ ಬಂದರೆ ಬುದ್ಧಿ ಕಡಿಮೆ ಅಂತ ಅಲ್ಲ. ನಮಗೂ ಈ ಮಾತು ಬೇಕು. ನಮ್ಮ ಮಕ್ಕಳಿಗೂ ಬೇಕು. ಮಗು ಓದಲು ತಡವರಿಸಿದರೆ ದಡ್ಡ, ದಡ್ಡಿ ಅಂತ ಹಂಗಿಸಬೇಡಿ. ಪಕ್ಕದಲ್ಲಿ ಕೂತು ಇನ್ನೊಂದು ಸಲ ಹೇಳಿಕೊಡಿ.

ಹೇಳಿ ನೋಡೋಣ
1. ಎಮ್ಮಾ ಮಗಳಿಗೆ ಏನು ಹೇಳಿ ಧೈರ್ಯ ತುಂಬಿದರು?
2. ಸೀಲಿಯ ಗಂಡ ಪತ್ರಗಳನ್ನು ಏಕೆ ಬಚ್ಚಿಟ್ಟಿರಬಹುದು?
3. ನಿಮ್ಮನ್ನು ಯಾರಾದರೂ "ನಿನಗೆ ಓದು ಬಾರದು" ಅಂದಿದ್ದರೇ? ಗುಂಪಿನಲ್ಲಿ ಮಾತಾಡಿ.

ಮಾಡಿ ನೋಡಿ
ನಿಮ್ಮ ಮನೆಯ ಐದು ಸಾಮಾನುಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿ. ದಿನಾ ಓದಿ.