ಗೊಬ್ಬರವೆಲ್ಲ ಹೋಗುವುದೆಲ್ಲಿಗೆ? ಜೀವಕೋಶದ ಮೂಲವಸ್ತುಗಳ ಪರಿಚಯ

ಗೊಬ್ಬರದ ಇಂಡೆಂಟ್ ಬರೆಸಲು ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಕೇಳಿದರು: "ಸೆಕ್ರೆಟ್ರಿಗಳೇ, ವರ್ಷಾ ವರ್ಷ ಇಷ್ಟು ಮೂಟೆ ಹೊತ್ತು ಹಾಕ್ತೇವೆ. ಅದೆಲ್ಲ ಹೋಗೋದಾದರೂ ಎಲ್ಲಿಗೆ?" ಪಕ್ಕದಲ್ಲಿ ಕೂತಿದ್ದವರು "ಎಲ್ಲಿಗೆ ಅಂದ್ರೆ, ಹೊಳೆಗೆ" ಎಂದು ನಕ್ಕರು. ನಮ್ಮ ಮಳೆಗೆ ಆ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಉಳಿದರ್ಧ ತಿಳಿಯಲು ಕಾಫಿ ಬೀಜದ ಜೀವಕೋಶದೊಳಗೆ ಇಣುಕಬೇಕಾಗುತ್ತದೆ. ಕಾಲೇಜಿನಲ್ಲಿ ಓದಿ ಮರೆತದ್ದನ್ನು ಮತ್ತೆ ತಿರುವಿಹಾಕಿ ಈ ಲೇಖನ ಬರೆದಿದ್ದೇನೆ.

ಬ್ರಸೆಲ್ಸ್ ಕಡೆಯ ವ್ಯಾನ್ ಹೆಲ್ಮಾಂಟ್ ಎಂಬ ವೈದ್ಯನ ಪ್ರಯೋಗವೊಂದು 1648ರಲ್ಲಿ ಅಚ್ಚಾಯಿತು. ಆತ 200 ಪೌಂಡು ಒಣ ಮಣ್ಣು ತೂಗಿ ಕುಂಡಕ್ಕೆ ತುಂಬಿ, 5 ಪೌಂಡಿನ ವಿಲ್ಲೋ ಗಿಡವೊಂದನ್ನು ನೆಟ್ಟು, ಬರೀ ನೀರು ಹಾಕುತ್ತಾ ಬಂದ. ಐದು ವರ್ಷದ ಮೇಲೆ ಗಿಡ 169 ಪೌಂಡು ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸು ಮಾತ್ರ! ಮರವೆಲ್ಲ ನೀರಿನಿಂದಲೇ ಆಯಿತು ಎಂದು ಆತ ತೀರ್ಮಾನಿಸಿದ. ಅದು ಅರ್ಧ ಸರಿ. ಉಳಿದದ್ದು ಗಾಳಿಯಿಂದ ಬಂದಿತ್ತು. 'ಗ್ಯಾಸ್' ಎಂಬ ಶಬ್ದವನ್ನು ಹುಟ್ಟಿಸಿದ ಮನುಷ್ಯನಿಗೇ ಇದು ಹೊಳೆಯಲಿಲ್ಲವೆಂಬುದು ತಮಾಷೆ.

ನಮ್ಮ ಗಿಡಗಳೂ ಹಾಗೆಯೇ. ಗಾಳಿಯ ಇಂಗಾಲ, ನೀರಿನ ಜಲಜನಕ, ಎರಡರಲ್ಲೂ ಇರುವ ಆಮ್ಲಜನಕ, ಈ ಮೂರೇ ಒಣ ತೂಕದ ಬಹುಪಾಲು. ಇವಕ್ಕೆ ನಾವು ಕಾಸು ಕೊಡಬೇಕಾಗಿಲ್ಲ. ಕಾಸು ಕೊಡಬೇಕಾದದ್ದು ಹೆಲ್ಮಾಂಟನ ಆ 2 ಔನ್ಸಿಗೆ.

ಜೀವಕೋಶದಲ್ಲಿ ಅತಿ ಹೆಚ್ಚಾಗಿರುವುದು ನೀರು. ಸುಮಾರು 5ರಿಂದ 6 ಕಿಲೋ ಹಣ್ಣಿಗೆ 1 ಕಿಲೋ ಬೀಜ ಸಿಗುವುದಕ್ಕೆ ಮುಖ್ಯ ಕಾರಣ ಇದೇ. ಕಣದಲ್ಲಿ ಒಣಗಿಸಿ 10-11 ಅಂಶಕ್ಕೆ ಇಳಿಸುವುದು ತೂಕದ ಶಿಸ್ತಿಗಲ್ಲ. ಬೂಷ್ಟಿನ ಜೀವಕೋಶಕ್ಕೂ ನೀರು ಬೇಕು. ಸಿಗದಿದ್ದರೆ ಅದು ಬೆಳೆಯುವುದಿಲ್ಲ.

ನೀರು ಬಿಟ್ಟರೆ ಶರ್ಕರಪಿಷ್ಟಗಳು. ಸಕ್ಕರೆ, ಪಿಷ್ಟ, ಮರದ ನಾರಿನ ಸೆಲ್ಯುಲೋಸ್ ಎಲ್ಲವೂ ಒಂದೇ ಕುಟುಂಬ. ಗ್ಲೂಕೋಸ್ ಎಂಬ ಒಂದೇ ಇಟ್ಟಿಗೆಯನ್ನು ಒಂದು ರೀತಿ ಜೋಡಿಸಿದರೆ ಅನ್ನ, ಇನ್ನೊಂದು ರೀತಿ ಜೋಡಿಸಿದರೆ ಹತ್ತಿ. ಪಲ್ಪರ್‌ನಿಂದ ಬಂದ ಬೀಜಕ್ಕೆ ಅಂಟಿದ ಲೋಳೆಯಲ್ಲಿರುವ ಪೆಕ್ಟಿನ್ ಕೂಡ ಇದೇ ಜಾತಿಯದು. ತೊಟ್ಟಿಯಲ್ಲಿ ಹುದುಗು ಬಂದಾಗ ಸೂಕ್ಷ್ಮಜೀವಿಗಳು ಅದನ್ನು ತುಂಡರಿಸುತ್ತವೆ. ಲೋಳೆ ಬಿಟ್ಟ ಮೇಲೂ ತೊಳೆಯದೆ ಇಟ್ಟರೆ ಹುಳಿ ವಾಸನೆ ಬೀಜಕ್ಕೆ ಹತ್ತುತ್ತದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೀಜದ ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಥ ಶರ್ಕರಪಿಷ್ಟಗಳೇ. ಇವುಗಳಲ್ಲಿ ಸಾರಜನಕವಿಲ್ಲ, ರಂಜಕವಿಲ್ಲ. ಎಲ್ಲವೂ ಗಾಳಿ, ನೀರು, ಬಿಸಿಲಿನ ಲಾಭ.

ಕೊಬ್ಬಿನ ವಿಷಯವೂ ಬಹುಮಟ್ಟಿಗೆ ಹಾಗೆಯೇ. ಅರೇಬಿಕಾದಲ್ಲಿ ಎಣ್ಣೆಯಂಶ ಶೇಕಡಾ 15ರಷ್ಟು, ರೊಬಸ್ಟಾದಲ್ಲಿ 10ರಷ್ಟು. ಆದರೆ ಪ್ರತಿ ಜೀವಕೋಶವನ್ನು ಸುತ್ತಿರುವ ತೆಳು ಪೊರೆ ರಂಜಕ ಸೇರಿದ ಒಂದು ಬಗೆಯ ಕೊಬ್ಬಿನದು. ಆ ಪೊರೆ ಹರಿದರೆ ಒಳಗಿನ ರಸವೆಲ್ಲ ಹೊರಗೆ.

ಇನ್ನು ನಮ್ಮ ಜೇಬಿಗೆ ಸಂಬಂಧಪಟ್ಟದ್ದಕ್ಕೆ ಬರೋಣ. ಶಾಲೆಯಲ್ಲಿ 'ಸಸಾರಜನಕ' ಎಂದು ಕಲಿತ ಪ್ರೋಟೀನು ಜೀವಕೋಶದ ಕೆಲಸಗಾರ. 20 ಬಗೆಯ ಅಮೈನೋ ಆಮ್ಲಗಳನ್ನು ಮಣಿಸರದಂತೆ ಪೋಣಿಸಿದರೆ ಒಂದು ಪ್ರೋಟೀನು. ಸಕ್ಕರೆ ಕಟ್ಟುವುದು, ಮುರಿಯುವುದು, ಬೇರಿನಿಂದ ಲವಣ ಒಳಗೆಳೆಯುವುದು ಎಲ್ಲ ಇದರ ಕೆಲಸ. ಇದರ ತೂಕದಲ್ಲಿ ಶೇಕಡಾ 16ರಷ್ಟು ಸಾರಜನಕ. ಸ್ವಲ್ಪ ಗಂಧಕವೂ ಉಂಟು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಕಾಫಿ, ಅಡಿಕೆಗಳು ಅದನ್ನು ನೇರ ಹೀರಲಾರವು. ಮಣ್ಣಿನ ಮೂಲಕವೇ ಬರಬೇಕು.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದರ ಗುಟ್ಟೂ ಇಲ್ಲಿದೆ. ಮೈಲುತುತ್ತದ ತಾಮ್ರ ರೋಗಾಣುವಿನ ಪ್ರೋಟೀನುಗಳಿಗೆ ಅಂಟಿ ಅವು ಕೆಲಸ ಮಾಡದಂತೆ ಮಾಡುತ್ತದೆ. ಸುಣ್ಣ ಆ ತಾಮ್ರವನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಇಲ್ಲವಾದರೆ ನಮ್ಮ ಕಾಯಿಯೇ ಸುಟ್ಟೀತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಸಿಂಪಡಣೆಯನ್ನು ರೂಢಿಗೆ ತಂದರು. ಮರದ ಮೇಲಿನ ಕೊನೆಗೌಡನಿಗೆ ಪ್ರೋಟೀನಿನ ಪಾಠ ಬೇಕಿಲ್ಲ. ಆದರೆ ಸುಣ್ಣ ಕಡಿಮೆ ಹಾಕಿ ಕಲಸುವ ನಮಗೆ ಬೇಕು.

ನಾಲ್ಕನೆಯದು ನ್ಯೂಕ್ಲಿಯಿಕ್ ಆಮ್ಲ. 1869ರಲ್ಲಿ ಮೀಶರ್ ಎಂಬ ವಿಜ್ಞಾನಿ ಆಸ್ಪತ್ರೆಯ ಗಾಯದ ಪಟ್ಟಿಗಳ ಕೀವಿನಿಂದ ಇದನ್ನು ಬೇರ್ಪಡಿಸಿದ. ಯಾವ ಪ್ರೋಟೀನು ಹೇಗೆ ಪೋಣಿಸಬೇಕೆಂಬ ಬರಹ ಇದರಲ್ಲಿದೆ. ಅರೇಬಿಕಾದ ಜೀವಕೋಶದಲ್ಲಿ ಈ ಬರಹ 44 ವರ್ಣತಂತುಗಳಲ್ಲಿ, ರೊಬಸ್ಟಾದಲ್ಲಿ 22ರಲ್ಲಿ. ಪ್ರಮಾಣ ಅತ್ಯಲ್ಪ, ಆದರೆ ಸಾರಜನಕ, ರಂಜಕ ಎರಡೂ ಬೇಕು. ಹೊಸ ಕೋಶ ಹುಟ್ಟುವ ಬೇರಿನ ತುದಿ, ಚಿಗುರುಗಳಲ್ಲಿ ರಂಜಕಕ್ಕೆ ಬೇಡಿಕೆ ಜಾಸ್ತಿ ಏಕೆಂದು ಇದರಿಂದ ತಿಳಿಯುತ್ತದೆ. ನಮ್ಮ ಕೆಫೀನು ಈ ಆಮ್ಲದ ಕೆಲವು ಘಟಕಗಳ ದಾಯಾದಿ. 1819ರಲ್ಲಿ ಜರ್ಮನಿಯ ರುಂಗೆ ಅದನ್ನು ಕಾಫಿ ಬೀಜದಿಂದ ತೆಗೆದ. ಅದರಲ್ಲಿ ಸಾರಜನಕ ಶೇಕಡಾ 29ರಷ್ಟು.

ಈಗ ಲೆಕ್ಕ. 50 ಕಿಲೋ ಸಂಸ್ಕರಿಸಿದ ಬೀಜದಲ್ಲಿ ಪ್ರೋಟೀನು ಸುಮಾರು 5 ಕಿಲೋ. ಅದರೊಳಗೆ ಸಾರಜನಕ 800 ಗ್ರಾಂ. ಕೆಫೀನಿನದು ಸೇರಿಸಿದರೆ ಹತ್ತಿರಹತ್ತಿರ 1 ಕಿಲೋ. ಯೂರಿಯಾ ಲೆಕ್ಕದಲ್ಲಿ 2 ಕಿಲೋ ಚಿಲ್ಲರೆ. ಪ್ರತಿ ಮೂಟೆಯ ಜೊತೆಗೂ ಇಷ್ಟು ಗೇಟು ದಾಟುತ್ತದೆ, ವಾಪಸು ಬರುವುದಿಲ್ಲ. ಅದು ಮಾರಿದ ಮಾಲು, ಅದಕ್ಕೆ ದುಡ್ಡು ಬಂದಿದೆ, ತಕರಾರಿಲ್ಲ.

ತಕರಾರು ಸಿಪ್ಪೆಯದು. ಪೊಟ್ಯಾಷ್ ಈ ನಾಲ್ಕೂ ವಸ್ತುಗಳಲ್ಲಿ ಯಾವುದರಲ್ಲೂ ಬಂಧಿಯಾಗಿರುವುದಿಲ್ಲ. ಜೀವಕೋಶದ ರಸದಲ್ಲಿ ಕರಗಿ ಓಡಾಡಿಕೊಂಡಿರುತ್ತದೆ. ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಅದು ಧಾರಾಳ. ಒಣ ಚೆರಿ ಮೂಟೆಯಲ್ಲಿ ತೂಕದ ಅರ್ಧಕ್ಕೆ ಹತ್ತಿರ ಸಿಪ್ಪೆಯೇ. ನಾನು ಹತ್ತು ಹನ್ನೆರಡು ವರ್ಷ ರೊಬಸ್ಟಾ ಚೆರಿ ಹಲ್ಲರ್ ಮಾಡಿಸಿ, ಸಿಪ್ಪೆ ತರುವ ಬಾಡಿಗೆ ದಂಡವೆಂದು ಮಿಲ್ಲಿನಲ್ಲೇ ಬಿಟ್ಟು ಬಂದೆ. ಕಣ ದೊಡ್ಡದು ಮಾಡಲು ಅಪ್ಪನ ಕಾಲದ ಸಿಪ್ಪೆ ಗುಂಡಿಯನ್ನೂ ಮುಚ್ಚಿಸಿದೆ. ಅಪ್ಪ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಹಳೆಯ ಎಲೆಗಳ ಅಂಚು ಸುಟ್ಟಂತಾಗತೊಡಗಿತು. ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಷ್ ತೀರಾ ಕಡಿಮೆ. ಬಿಟ್ಟು ಬಂದದ್ದನ್ನೇ ಅಂಗಡಿಯಿಂದ ಕೊಂಡು ತಂದೆ. ಅದೂ ಹೊರದೇಶದಿಂದ ಹಡಗಿನಲ್ಲಿ ಬಂದದ್ದು.

ಅಡಿಕೆ ಸಿಪ್ಪೆಯ ಕಥೆ ಇದಕ್ಕಿಂತ ಬೇಸರದ್ದು. ಸುಲಿತ ಮುಗಿದ ಮೇಲೆ ರಸ್ತೆ ಬದಿಗೆ ಸುರಿದು ಬೆಂಕಿ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಸುಟ್ಟಾಗ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಮೊದಲ ಮಳೆಗೇ ಚರಂಡಿ ಸೇರುತ್ತದೆ. "ಸಿಪ್ಪೆ ಬುಡಕ್ಕೆ ಹಾಕಿದೆ, ಗಿಡ ಹಳದಿಯಾಯ್ತು" ಎನ್ನುವವರೂ ಇದ್ದಾರೆ. ಅವರು ಹೇಳುವುದು ನಿಜ. ಹಸಿ ಸಿಪ್ಪೆಯಲ್ಲಿ ಸೆಲ್ಯುಲೋಸ್, ಲಿಗ್ನಿನ್ ಹೇರಳ, ಪ್ರೋಟೀನು ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈಯ ಪ್ರೋಟೀನು ಕಟ್ಟಿಕೊಳ್ಳಲು ಬೇಕಾದ ಸಾರಜನಕವನ್ನು ಮಣ್ಣಿನಿಂದ, ಅಂದರೆ ಗಿಡದ ತಟ್ಟೆಯಿಂದ ಕಸಿಯುತ್ತವೆ. ಆದ್ದರಿಂದ ಮೊದಲು ಗುಂಡಿಯಲ್ಲಿ ಸಗಣಿ ಗೊಬ್ಬರ, ಹಸಿರು ಸೊಪ್ಪಿನೊಡನೆ ಪದರಪದರವಾಗಿ ಹಾಕಿ, ಒದ್ದೆಯಾಗಿಟ್ಟು, ನಡುವೆ ಒಂದೆರಡು ಸಲ ಮಗುಚಿ, ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ತೋಟಕ್ಕೆ ಕೊಡಬೇಕು. ಬೆಟ್ಟದ ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ದನ ತುಳಿದ ಮೇಲೆ ತೋಟಕ್ಕೆ ಹೊರುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ.

ಗುಂಡಿ ಬಾವಿ, ಹಳ್ಳಗಳಿಂದ ದೂರವಿರಲಿ. ಮೇಲೊಂದು ಸೋಗೆಯ ಮಾಡು ಹಾಕಿದರೆ ಮಳೆಗೆ ಪೊಟ್ಯಾಷ್ ಬಸಿದು ಹೋಗುವುದು ತಪ್ಪುತ್ತದೆ. ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡಲೇಬಾರದು. ಅದರ ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯುತ್ತವೆ.

ನಮ್ಮ ಕಣದ ಮೂಲೆಯಲ್ಲಿ ಗುಂಡಿಯನ್ನು ಮತ್ತೆ ತೋಡಿಸಿದ್ದೇನೆ. ನೋಡಬೇಕೆನ್ನುವ ಸದಸ್ಯರು ಯಾವ ಭಾನುವಾರವಾದರೂ ಬರಬಹುದು. ಗೊಬ್ಬರದ ಇಂಡೆಂಟ್ ಕೊಡುವವರು ಮಣ್ಣು ಪರೀಕ್ಷೆಯ ಚೀಟಿಯನ್ನೂ ಜೊತೆಗೆ ತರಬೇಕಾಗಿ ಕೋರಿಕೆ.