ಮೊಬೈಲಿನಲ್ಲಿ ಉಳಿಯುವ ಹಳೆಯ ಪಾಠ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಬ್ಬು ಬೆಳೆಗಾರರಲ್ಲಿ ಅನೇಕರು ಈಗ ಬೇಸಾಯದ ಪಾಠಗಳನ್ನು ಮೊಬೈಲಿನಲ್ಲಿಯೇ ಓದುತ್ತೀರಿ. ಕಬ್ಬಿನ ಕೊರೆಯುವ ಹುಳುವಿಗೆ ಫೋರೇಟ್ ಹರಳು ಹಾಕಬೇಕೆಂದು ಹಿಂದೆ ಹೇಳುತ್ತಿದ್ದುದು ನಿಮಗೆ ಗೊತ್ತು. ಕೇಂದ್ರ ಸರ್ಕಾರವು 2018ರ ಆಗಸ್ಟಿನಲ್ಲಿ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ಅದರ ಬಳಕೆಯನ್ನೇ ನಿಷೇಧಿಸಿತು. ಪಾಠ ಬರೆದವರು ಆ ಶಿಫಾರಸನ್ನು ತೆಗೆದುಹಾಕಿದರೆನ್ನಿ. ಆದರೂ ನಿಮ್ಮ ಮೊಬೈಲಿನಲ್ಲಿ ಫೋರೇಟ್ ಹಾಗೆಯೇ ಉಳಿದಿರಬಹುದು. ಹೀಗೇಕೆ?

ಹಗೇವಿನಲ್ಲಿ ಜೋಳ ಇಡುತ್ತಿದ್ದುದು ಹಿರಿಯರಿಗೆ ನೆನಪಿದೆ. ರೊಟ್ಟಿಗೆಂದು ದಿನವೂ ಹಗೇವು ತೆರೆಯುತ್ತಿರಲಿಲ್ಲ. ಒಮ್ಮೆ ತೆರೆದು ಒಂದೆರಡು ಚೀಲ ತೆಗೆದು ಮನೆಯೊಳಗಿಟ್ಟು ಬಳಸುತ್ತಿದ್ದರು. ಕಂಪ್ಯೂಟರ್ ಕೂಡ ಪದೇ ಪದೇ ಬೇಕಾಗುವುದರ ಪ್ರತಿಯೊಂದನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. (ಕಾರ್ಖಾನೆಯ ಬಿಲ್ಲಿನ ನಗದಿಗೂ ಇದಕ್ಕೂ ಸಂಬಂಧವಿಲ್ಲ!) ಇದರಿಂದ ಪುಟ ಬೇಗ ತೆರೆಯುತ್ತದೆ. ಆದರೆ ಹಗೇವಿಗೆ ಹೊಸ ಜೋಳ ತುಂಬಿದರೂ ಮನೆಯ ಚೀಲದಲ್ಲಿ ಹಳೆಯದೇ ಇರುತ್ತದೆ.

ಮೂಡಲ್ ಎಂಬ ತಂತ್ರಾಂಶವನ್ನೇ ನೋಡೋಣ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅವರು 2002ರಲ್ಲಿ ಇದರ ಮೊದಲ ಆವೃತ್ತಿ ಹೊರತಂದರು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪದವಿ ತರಗತಿಯ ಇ-ಪಾಠಗಳಿಗೂ ಇದನ್ನೇ ಬಳಸಲಾಯಿತು. ಮೊದಲು ಇದರ ಒಂದೊಂದು ಭಾಗವೂ ತನ್ನ ಚೀಲವನ್ನು ತನಗೆ ತೋಚಿದಲ್ಲಿ ಇಡುತ್ತಿತ್ತು. 2012ರ ಡಿಸೆಂಬರಿನಲ್ಲಿ ಬಂದ 2.4 ಆವೃತ್ತಿಯಲ್ಲಿ ಇದಕ್ಕೆಲ್ಲ ಒಂದೇ ವ್ಯವಸ್ಥೆ ಮಾಡಿದರು. ಪ್ರತಿಗಳಲ್ಲಿ ಮೂರು ಬಗೆ: ಎಲ್ಲರಿಗೂ ಸೇರಿದ್ದು, ಒಳಗೆ ಬಂದ ಒಬ್ಬರಿಗಷ್ಟೇ ಸೇರಿದ್ದು, ಒಂದು ಪುಟ ತಯಾರಾಗುವವರೆಗೆ ಮಾತ್ರ ಇರುವುದು. ಯಾವುದನ್ನು ಎಲ್ಲಿಡಬೇಕೆಂದು ನಡೆಸುವವರೇ ಗೊತ್ತುಮಾಡಬಹುದು.

ಹೊಸ ಆವೃತ್ತಿಗೆ ಏರಿಸುವಾಗ ಉಗ್ರಾಣದ ಜೋಡಣೆಯೇ ಬದಲಾಗುವುದುಂಟು. ಹಳೆಯ ಪ್ರತಿ ಹೊಸ ಜೋಡಣೆಗೆ ಹೊಂದದೆ ತಪ್ಪು ತೋರಿಸೀತು. ಆದ್ದರಿಂದ ಸ್ವಲ್ಪ ಹೊತ್ತು ತಾಣವನ್ನು ಮುಚ್ಚಿ, ಬದಲಾವಣೆ ಮುಗಿಸಿ, ಕ್ಯಾಶನ್ನು ಖಾಲಿ ಮಾಡುತ್ತಾರೆ. ಪುಟದ ಅಂದಕ್ಕೆ ಸೇರಿದ ಕಡತಗಳ ವಿಳಾಸದಲ್ಲಿಯೂ ಒಂದು ಸಂಖ್ಯೆ ಬದಲಾಗುತ್ತದೆ. ಮೊಬೈಲು ಅದನ್ನು ಹೊಸದೆಂದು ತಿಳಿದು ಮತ್ತೆ ತರಿಸಿಕೊಳ್ಳುತ್ತದೆ. ಖಾಲಿಯಾದ ಮೇಲೆ ಮೊದಲ ಪುಟಗಳು ನಿಧಾನವಾಗಿ ತೆರೆಯುತ್ತವೆ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿರಿ. ಪ್ರತಿ ಸಲ ಒತ್ತಿದಾಗಲೂ ಹೊಸ ಬೇಡಿಕೆ ಹೋಗಿ ಇನ್ನಷ್ಟು ತಡವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಅದು ಅಲ್ಲಿನ ಉಗ್ರಾಣದ ಮಾತಾಯಿತು. ನಿಮ್ಮ ಕೈಯಲ್ಲಿರುವ ಚೀಲವನ್ನು ನೀವೇ ಬದಲಿಸಬೇಕು. ಸಿಗ್ನಲ್ ಸಿಗದ ಹೊಲದಲ್ಲಿ ಓದಲೆಂದು ಪಾಠ ಇಳಿಸಿಕೊಂಡಿದ್ದರೆ ಅದು ಇಳಿಸಿದ ದಿನದ ಪಾಠ. ನೆಟ್ ಸಿಕ್ಕಾಗ ಮೂಡಲ್ ಆ್ಯಪಿನಲ್ಲಿ ಪುಟವನ್ನು ಬೆರಳಿನಿಂದ ಕೆಳಗೆ ಎಳೆದು ಬಿಟ್ಟರೆ ಹೊಸದನ್ನು ತರಿಸುತ್ತದೆ. ಇಳಿಸಿದ ಕಡತವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿ ಬಂದ ಪಿಡಿಎಫ್ ಮಾತ್ರ ಎಂದಿಗೂ ತಾನಾಗಿ ಬದಲಾಗದು. ನನ್ನ ಹೆಚ್ಚಿನ ಚಿಂತೆ ಅದರದೇ.

ಔಷಧದ ಹೆಸರು, ಪ್ರಮಾಣ ಇರುವ ಪಾಠವಾದರೆ ಅದನ್ನು ತಿದ್ದಿದ ದಿನಾಂಕವನ್ನು ನೋಡಿರಿ. ದಿನಾಂಕವೇ ಇಲ್ಲದಿದ್ದರೆ ಅಂಗಡಿಗೆ ಹೋಗುವ ಮುನ್ನ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊಬೈಲನ್ನು ತೋರಿಸಿ ಕೇಳಿಕೊಳ್ಳಿರಿ.