ಕೊಂಡಜ್ಜಿ ಗುಡ್ಡದಲ್ಲಿ ಬೂಟಿಗೆ ಪರೀಕ್ಷೆ

ಮಕ್ಕಳೇ, ಪರೀಕ್ಷೆ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಸಲ ಪರೀಕ್ಷೆಗೆ ಕುಳಿತದ್ದು ನೀವಲ್ಲ, ನನ್ನ ಹೊಸ ಚರ್ಮದ ಬೂಟು. ಪರೀಕ್ಷಾ ಕೇಂದ್ರ ಕೊಂಡಜ್ಜಿ.

ದಾವಣಗೆರೆಗೂ ಹರಿಹರಕ್ಕೂ ಹತ್ತಿರವಿರುವ ಈ ಊರನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ದೊಡ್ಡ ಕೆರೆ, ಪಕ್ಕದಲ್ಲಿ ಗುಡ್ಡ, ಕುರುಚಲು ಕಾಡು. ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳು ನಡೆಯುವ ಜಾಗವೆಂದು ಜಿಲ್ಲೆಯಲ್ಲಿ ಹೆಸರಾಗಿದೆ. ಎರಡು ರಾತ್ರಿಯ ಶಿಬಿರಕ್ಕೆ ಮಕ್ಕಳೊಂದಿಗೆ ಹೊರಟಾಗ, ಬೆನ್ನಿಗೆ ಹೊದಿಕೆ, ತಟ್ಟೆ, ಲೋಟ, ಅಕ್ಕಿಯ ಚೀಲ ಹೊತ್ತುಕೊಂಡು ಗುಡ್ಡ ಸುತ್ತುವುದೆಂದು ತೀರ್ಮಾನವಾಗಿತ್ತು. ನಾನು ಬೆಟ್ಟ ಹತ್ತುವವರು ಹಾಕುವಂಥ, ಹರಡಿನವರೆಗೆ ಮುಚ್ಚುವ ದಪ್ಪ ಚರ್ಮದ ಬೂಟು ಕೊಂಡಿದ್ದೆ. ಅದರ ಜೊತೆಗೆ ಹೋಲಿಸಿ ನೋಡಲು ನನ್ನ ಹಳೆಯ ಚರ್ಮದ ಚಪ್ಪಲಿಯನ್ನೂ, ಒಬ್ಬ ಹುಡುಗನ ಕೃತಕ ಚರ್ಮದ ಶಾಲಾ ಬೂಟನ್ನೂ ಇಟ್ಟುಕೊಂಡೆವು. ಒಂದು ಸ್ಪ್ರಿಂಗ್ ತ್ರಾಸು, ಒಂದು ಅಳತೆ ಪಟ್ಟಿ, ನೋಟ್ ಪುಸ್ತಕ. ಪ್ರಯೋಗಾಲಯ ಇಷ್ಟೇ.

ಇದು ನಿಜವಾದ ಚರ್ಮವೇ?

ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಹೊಳಪು ನೋಡಿ ಹೇಳಲಾಗದು. ಕೃತಕ ಚರ್ಮಕ್ಕೂ ಗೆರೆ, ಚುಕ್ಕೆಗಳನ್ನು ಒತ್ತಿರುತ್ತಾರೆ. ಕತ್ತರಿಸಿದ ಅಂಚನ್ನು ನೋಡಿ. ನಿಜವಾದ ಚರ್ಮದ ಅಂಚಿನಲ್ಲಿ ನಾರು ನಾರಾಗಿ, ಒಂದರೊಳಗೊಂದು ಹೆಣೆದುಕೊಂಡ ಎಳೆಗಳು ಕಾಣುತ್ತವೆ. ಕೃತಕ ಚರ್ಮವಾದರೆ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ, ಕೆಳಗೆ ಬಟ್ಟೆ. ಬಣ್ಣ ಬಳಿಯದ ಒಳಮೈಗೆ ಒಂದು ಹನಿ ನೀರು ಹಾಕಿದರೆ ಚರ್ಮ ಅದನ್ನು ನಿಧಾನವಾಗಿ ಕುಡಿಯುತ್ತದೆ. ಸುಟ್ಟು ವಾಸನೆ ನೋಡುವವರೂ ಇದ್ದಾರೆ. ನೀವು ಖಂಡಿತ ಹಾಗೆ ಮಾಡಬೇಡಿ. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಕಾರಿ ಅನಿಲ ಬರುತ್ತದೆ.

ಒಗರಿನಿಂದ ಚರ್ಮದವರೆಗೆ

ನೀವು ಕಾಯಿ ನೇರಳೆ ತಿಂದಿದ್ದೀರಾ? ನಾಲಿಗೆ ಹೇಗಾಗುತ್ತದೆ? ಒರಟಾಗಿ, ಒಣಗಿದಂತೆ, ಯಾರೋ ಒಳಗಿನಿಂದ ಎಳೆದು ಹಿಡಿದಂತೆ. ಈ ಒಗರಿಗೆ ಕಾರಣ ಟ್ಯಾನಿನ್ ಎಂಬ ಪದಾರ್ಥಗಳು. ಅವು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಒಟ್ಟುಗೂಡಿಸುತ್ತವೆ. ಜೊಲ್ಲಿನ ಜಾರುಗುಣ ಹೋಗುತ್ತದೆ, ನಾಲಿಗೆ ಒರಟಾಗುತ್ತದೆ.

ಈಗ ಪ್ರಾಣಿಯ ತೊಗಲನ್ನು ನೆನಪಿಸಿಕೊಳ್ಳಿ. ಅದರ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಹಸಿ ತೊಗಲನ್ನು ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಗಳು ತಿಂದು ಅದು ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಗಡುಸಾಗುತ್ತದೆ. ಆದರೆ ಟ್ಯಾನಿನ್ ಇರುವ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ನೆನೆಸಿದರೆ ಟ್ಯಾನಿನ್ ಅಣುಗಳು ಎಳೆಗಳ ನಡುವೆ ಹೊಕ್ಕು ಅವನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ನಿಮ್ಮ ನಾಲಿಗೆಯ ಮೇಲೆ ಕ್ಷಣದಲ್ಲಿ ಆದದ್ದೇ ಇಲ್ಲಿ ನಿಧಾನವಾಗಿ ಆಗುತ್ತದೆ. ಇನ್ನು ಅದು ಸುಲಭವಾಗಿ ಕೊಳೆಯುವುದಿಲ್ಲ, ಒಣಗಿದರೂ ಬಾಗುತ್ತದೆ. ಇದೇ ಚರ್ಮ ಹದ ಮಾಡುವುದು.

ನಮ್ಮ ಬಯಲುಸೀಮೆಯ ದಾರಿಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ನೋಡಿದ್ದೀರಿ. ಕೆಲವು ಕಡೆ ಆವರಿಕೆ ಎನ್ನುತ್ತಾರೆ. ಅದರ ತೊಗಟೆ, ಕರಿಜಾಲಿಯ ತೊಗಟೆ, ಅಳಲೆಕಾಯಿ ಇವೆಲ್ಲ ಹದ ಮಾಡಲು ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮಾಡುವ ಚಪ್ಪಲಿಗಳ ಚರ್ಮವೂ ಹೀಗೆ ಸಸ್ಯಗಳಿಂದ ಹದವಾದದ್ದೇ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು.

ಮನೆಯಲ್ಲೇ ಟ್ಯಾನಿನ್ ಹುಡುಕಿ. ಹಾಲು ಹಾಕದ ಗಟ್ಟಿ ಚಹಾ ಡಿಕಾಕ್ಷನ್ನನ್ನೋ, ಜಜ್ಜಿದ ಅಳಲೆಕಾಯಿ ನೆನೆಸಿದ ನೀರನ್ನೋ ಒಂದು ಲೋಟದಲ್ಲಿ ತೆಗೆದುಕೊಳ್ಳಿ. ಅದರೊಳಗೆ ತುಕ್ಕು ಹಿಡಿದ ಒಂದೆರಡು ಮೊಳೆಗಳನ್ನು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಕಪ್ಪಾಗಿರುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆದ ಬಣ್ಣ ಅದು. ಹಿಂದೆ ಬರೆಯುವ ಮಸಿಯನ್ನೂ ಹೀಗೇ ಮಾಡುತ್ತಿದ್ದರು. (ಕುಡಿಯಬೇಡಿ ಎಂದು ಬೇರೆ ಹೇಳಬೇಕೆ?) ಇದೇ ಕಾರಣಕ್ಕೆ ತೊಗಟೆಯಿಂದ ಹದ ಮಾಡಿದ ಚಪ್ಪಲಿಯ ಮೇಲೆ ತುಕ್ಕಿನ ನೀರು ಬಿದ್ದರೆ ಕಪ್ಪು ಕಲೆ ಉಳಿಯುತ್ತದೆ.

ನನ್ನ ಬೂಟು ಬೇರೆ ಜಾತಿಯದು. ಅದರ ಮೇಲ್ಭಾಗವನ್ನು ಕ್ರೋಮಿಯಂ ಲವಣಗಳಿಂದ ಹದ ಮಾಡಿದ್ದರು. ಅಂಚನ್ನು ನೋಡಿದರೆ ನಡುವೆ ನೀಲಿ ಬೆರೆತ ಬೂದು ಬಣ್ಣ. ಈ ವಿಧಾನದಲ್ಲಿ ಕೆಲಸ ಬೇಗ ಮುಗಿಯುತ್ತದೆ, ಚರ್ಮ ಮೆದುವಾಗಿರುತ್ತದೆ, ಶಾಖವನ್ನೂ ಹೆಚ್ಚು ತಡೆಯುತ್ತದೆ. ಆದರೆ ಉಳಿದ ನೀರನ್ನು ಶುದ್ಧ ಮಾಡದೆ ಹೊರಗೆ ಬಿಟ್ಟರೆ ಮಣ್ಣೂ ನೀರೂ ಕೆಡುತ್ತವೆ. ತಮಿಳುನಾಡಿನಲ್ಲಿ ಪಾಲಾರ್ ನದಿಯ ದಂಡೆಯ ಊರುಗಳು ಇದರಿಂದ ಬಹಳ ಕಷ್ಟಪಟ್ಟಿವೆ.

ಇನ್ನೊಂದು ಮಾತು. 12ನೇ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯನವರು ಚರ್ಮ ಹದ ಮಾಡುವ ಕಾಯಕದವರು, ಹರಳಯ್ಯನವರು ಪಾದರಕ್ಷೆ ಹೊಲಿಯುವ ಕಾಯಕದವರು. ಇಷ್ಟು ರಸಾಯನಶಾಸ್ತ್ರವನ್ನು ಪುಸ್ತಕವಿಲ್ಲದೆ ಕೈಯಲ್ಲೇ ಕಲಿತವರನ್ನು ನಮ್ಮ ಸಮಾಜ ಊರ ಹೊರಗೆ ಇಟ್ಟಿತು. ಅವರು ಮಾಡಿದ ಮೆಟ್ಟು ಮಾತ್ರ ಊರೊಳಗೆ ಓಡಾಡಿತು. ನಿಮ್ಮೂರಿನಲ್ಲಿ ಚಪ್ಪಲಿ ಹೊಲಿಯುವವರು ಇದ್ದರೆ, ಅಟ್ಟೆಗೆ ಯಾವ ಚರ್ಮ, ಪಟ್ಟಿಗೆ ಯಾವ ಚರ್ಮ, ಏಕೆ ಎಂದು ಹೋಗಿ ಕೇಳಿ. ನಾನು ಎಂ.ಎಸ್ಸಿ. ಓದಿಯೂ ತಿಳಿಯದ ಎಷ್ಟೋ ಸಂಗತಿಗಳನ್ನು ಅಂಥವರಿಂದ ಕಲಿತಿದ್ದೇನೆ.

ಬಂಡೆಯ ಮೇಲೆ ಜಗ್ಗಾಟ

ಗುಡ್ಡದ ಬುಡದಲ್ಲಿ ಅಟ್ಟೆಯ ಹಿಡಿತವನ್ನು ಅಳೆದೆವು. ನೀವೂ ಮಾಡಬಹುದು. ಬೂಟಿನೊಳಗೆ ಮರಳಿನ ಪೊಟ್ಟಣ ಇಟ್ಟು ಒಟ್ಟು ತೂಕವನ್ನು 2 ಕಿಲೋಗ್ರಾಂ ಮಾಡಿ. ಮುಂಭಾಗಕ್ಕೆ ದಾರ ಕಟ್ಟಿ, ಸ್ಪ್ರಿಂಗ್ ತ್ರಾಸಿನಿಂದ ಸಮತಟ್ಟಾದ ಬಂಡೆಯ ಮೇಲೆ ನಿಧಾನವಾಗಿ ಎಳೆಯಿರಿ. ಬೂಟು ಜರುಗಲು ಶುರುವಾಗುವ ಕ್ಷಣದಲ್ಲಿ ತ್ರಾಸು ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ. 1.2 ತೋರಿಸಿತು ಎಂದುಕೊಳ್ಳೋಣ. 1.2ನ್ನು 2ರಿಂದ ಭಾಗಿಸಿದರೆ 0.6. ಇದಕ್ಕೆ ಘರ್ಷಣಾಂಕ ಎನ್ನುತ್ತಾರೆ. ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು. ಒಣ ಬಂಡೆ, ಒದ್ದೆ ಬಂಡೆ, ಮರಳು ಉದುರಿದ ಬಂಡೆ, ಹೀಗೆ ಮೂರು ಕಡೆಯೂ ಅಳೆಯಿರಿ. ಪ್ರತಿ ಅಳತೆಯನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ, ಏಕೆಂದರೆ ಕೈ ಒಂದೇ ಸಮ ಎಳೆಯುವುದಿಲ್ಲ.

ನನ್ನ ಹಳೆಯ ಚಪ್ಪಲಿಯ ಅಟ್ಟೆಯೂ ಚರ್ಮದ್ದೇ, ಸವೆದು ನುಣುಪಾಗಿತ್ತು. ಒದ್ದೆ ಬಂಡೆಯ ಮೇಲೆ ಅದು ಎಲ್ಲಕ್ಕಿಂತ ಮೊದಲು ಜಾರಿತು. ರಬ್ಬರ್ ಅಟ್ಟೆಯ ಬೂಟು ಚೆನ್ನಾಗಿ ಹಿಡಿಯಿತು. ಆದರೆ ಕೆರೆಯ ಕೆಳಗಿನ ಗದ್ದೆಯ ಬದುವಿಗೆ ಬಂದಾಗ ಕಥೆ ತಿರುಗಿತು. ಎರೆಮಣ್ಣು ಅಟ್ಟೆಯ ಹಳ್ಳಗಳಿಗೆಲ್ಲ ತುಂಬಿಕೊಂಡು ಒಂದೊಂದು ಬೂಟೂ ಇಟ್ಟಿಗೆಯಷ್ಟು ಭಾರವಾಯಿತು. ಅಲ್ಲಿ ನಿಜಕ್ಕೂ ಗೆದ್ದದ್ದು ಬರಿಗಾಲಿನ ಹುಡುಗರು.

ರಬ್ಬರ್ ಅಟ್ಟೆಯ ಮೇಲಿನ ಆ ದಪ್ಪ ಹಲ್ಲುಗಳ ಹಿಂದೆ ಒಂದು ದುಃಖದ ಸಂಗತಿಯಿದೆ. 1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಆರೋಹಿಗಳು ಕೆಟ್ಟ ಹವೆಗೆ ಸಿಕ್ಕಿ ಸತ್ತರು. ಅವರ ಪಾದರಕ್ಷೆಗಳು ಆ ಚಳಿಗೆ, ಹಿಮಕ್ಕೆ ತಕ್ಕವಾಗಿರಲಿಲ್ಲ. ಅವರ ಜೊತೆಗಾರ ವಿಟಾಲೆ ಬ್ರಮಾನಿ ಅದನ್ನು ಮರೆಯಲಿಲ್ಲ. ಬಂಡೆಗೂ ಹಿಮಕ್ಕೂ ಒಗ್ಗುವ, ಹಲ್ಲುಗಳಿರುವ ರಬ್ಬರ್ ಅಟ್ಟೆಯನ್ನು 1937ರ ಹೊತ್ತಿಗೆ ತಯಾರಿಸಿದರು.

ಭಾರದ ಲೆಕ್ಕವನ್ನೂ ಮಾಡಿ ಬಿಡೋಣ. ಒಂದು ಹೆಜ್ಜೆ 60 ಸೆಂಟಿಮೀಟರ್ ಎಂದರೆ 10 ಕಿಲೋಮೀಟರಿಗೆ ಸುಮಾರು 16,600 ಹೆಜ್ಜೆ. ಒಂದು ಕಾಲಿನ ಪಾಲು 8,300. ಬೂಟು 200 ಗ್ರಾಂ ಹೆಚ್ಚು ತೂಗಿದರೆ ಆ ಕಾಲು ದಿನದಲ್ಲಿ 1,660 ಕಿಲೋಗ್ರಾಂ ಹೆಚ್ಚುವರಿಯಾಗಿ ಎತ್ತಿದಂತಾಯಿತು!

ಬೆಂಕಿಯ ಪಕ್ಕ ನಾನು ಮಾಡಿದ ತಪ್ಪು

ಮೊದಲ ಸಂಜೆ ಕೆರೆಯ ಅಂಚಿನಲ್ಲಿ ಕಾಲು ಜಾರಿ ಬೂಟು ಪೂರ್ತಿ ನೆನೆಯಿತು. ಬೆಳಿಗ್ಗೆ ಬೇಗ ಹೊರಡಬೇಕಲ್ಲ ಎಂದು ಅದನ್ನು ಶಿಬಿರದ ಬೆಂಕಿಯ ಪಕ್ಕಕ್ಕೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬೂಟು ಒಣಗಿತ್ತು, ಆದರೆ ಕಾಲು ಒಳಗೆ ಹೋಗಲೊಲ್ಲದು! ಬೆಂಕಿಯ ಕಡೆಗಿದ್ದ ಚರ್ಮ ಮುದುಡಿ ಗಟ್ಟಿಯಾಗಿತ್ತು.

ಏಕೆ? ಹಬ್ಬದ ದಿನ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೀವು ಕಂಡಿದ್ದೀರಿ. ತೇವಾಂಶ ಹೀರಿ ಸಡಿಲವಾಗಿದ್ದ ತೊಗಲು ನೀರನ್ನು ಕಳೆದುಕೊಂಡು ಬಿಗಿಯಾಗುತ್ತದೆ, ನಾದ ಏರುತ್ತದೆ. ನನ್ನ ಬೂಟಿನಲ್ಲೂ ನೀರು ಹೋಗಿ ಎಳೆಗಳು ಹತ್ತಿರ ಬಂದವು. ಅದರ ಮೇಲೆ ಇನ್ನೊಂದು ಅನಾಹುತವಾಯಿತು. ಒದ್ದೆಯಾದ ಕೊಲಾಜೆನ್ ಒಂದು ಮಿತಿಗಿಂತ ಹೆಚ್ಚು ಬಿಸಿಯಾದರೆ ಅದರ ಸುರುಳಿಗಳು ಕುಸಿದು ಎಳೆ ಮುದುಡಿಹೋಗುತ್ತದೆ. ಮತ್ತೆ ನೆನೆಸಿದರೂ ಮೊದಲಿನಂತಾಗದು. ಹಸಿ ತೊಗಲಿಗೆ ಈ ಮಿತಿ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್. ತೊಗಟೆಯಿಂದ ಹದ ಮಾಡಿದ್ದಕ್ಕೆ ಸುಮಾರು 75ರಿಂದ 85. ಕ್ರೋಮಿಯಂ ಚರ್ಮ 100ರ ಹತ್ತಿರದವರೆಗೂ ತಡೆಯುತ್ತದೆ. ಕೆಂಡದ ಪಕ್ಕದಲ್ಲಿ ಅದೂ ಸಾಲದಾಯಿತು.

ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ನೆರಳಿನಲ್ಲಿ ಗಾಳಿಗೆ ಇಡಬೇಕಿತ್ತು. ಕಾಗದ ನೀರು ಹೀರುತ್ತದೆ. ಒದ್ದೆಯಾದ ಕಾಗದವನ್ನು ಆಗಾಗ ಬದಲಿಸಬೇಕು. ಪೂರ್ತಿ ಒಣಗಿದ ಮೇಲೆ ತುಸು ಎಣ್ಣೆ ಅಥವಾ ಮೇಣ ಸವರಿದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಚರ್ಮ ಬಿರಿಯುವುದಿಲ್ಲ.

ನನಗಿಂತ ದೊಡ್ಡವರಿಗೂ ಬೂಟು ಕಾಟ ಕೊಟ್ಟಿದೆ. 1953ರ ಮೇ 29ರ ಬೆಳಿಗ್ಗೆ ಎವರೆಸ್ಟ್ ಶಿಖರದ ಕೆಳಗಿನ ಕೊನೆಯ ಡೇರೆಯಲ್ಲಿ ಎಡ್ಮಂಡ್ ಹಿಲರಿ ಎದ್ದಾಗ, ರಾತ್ರಿ ಕಳಚಿಟ್ಟ ಅವರ ಬೂಟುಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ತೇನ್ಸಿಂಗ್ ನೋರ್ಗೆ ತಮ್ಮ ಬೂಟು ಕಳಚದೆಯೇ ಮಲಗಿದ್ದರು. ಹಿಲರಿ ಸ್ಟವ್ ಮೇಲೆ ಹಿಡಿದು ಅವನ್ನು ಮೆದುಗೊಳಿಸಬೇಕಾಯಿತು. ಡೇರೆಯೊಳಗೆ ಚರ್ಮ ಸೀದ ವಾಸನೆ ತುಂಬಿತಂತೆ. ಅವರಿಗೆ ಬೇರೆ ದಾರಿಯಿರಲಿಲ್ಲ. ನನಗೆ ಇತ್ತು.

ಮುಚ್ಚಿಟ್ಟ ಬೊಕ್ಕೆ

ಎರಡನೆಯ ದಿನ ನಾನು ಹಳೆಯ ಚಪ್ಪಲಿಯಲ್ಲೇ ನಡೆದೆ. ಮಧ್ಯಾಹ್ನದ ಹೊತ್ತಿಗೆ ಏಳನೆಯ ತರಗತಿಯ ಒಬ್ಬ ಹುಡುಗಿ ಹಿಂದೆ ಬೀಳುತ್ತಿದ್ದಳು. ಹಿಮ್ಮಡಿ ಊರದೆ ಹೆಜ್ಜೆ ಹಾಕುತ್ತಿದ್ದಾಳೆ ಎಂದು ನನಗೆ ತಿಳಿದದ್ದು ತಡವಾಗಿ. ಬೂಟು ಬಿಚ್ಚಿಸಿದರೆ ರೂಪಾಯಿ ಅಗಲದ ಬೊಕ್ಕೆ, ಅದೂ ಒಡೆದಿದೆ. ಹಿಂದಿನ ದಿನವೇ ಎದ್ದಿತ್ತಂತೆ. ಹೇಳಿದರೆ ಮನೆಗೆ ಕಳಿಸಿಬಿಡುತ್ತೀರಿ ಎಂದು ಸುಮ್ಮನಿದ್ದಳು. ಬೂಟು ಅವಳ ಅಣ್ಣನದು, ಮುಂಭಾಗಕ್ಕೆ ಬಟ್ಟೆ ತುರುಕಿಕೊಂಡಿದ್ದಳು.

ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಆಡುತ್ತಿದ್ದರೆ ಚರ್ಮದ ಮೇಲಿನ ಪದರ ಒಂದು ಕಡೆಗೆ, ಕೆಳಗಿನ ಪದರ ಇನ್ನೊಂದು ಕಡೆಗೆ ಎಳೆದಾಡುತ್ತವೆ. ಸಾವಿರಾರು ಹೆಜ್ಜೆಗಳ ನಂತರ ಪದರಗಳ ನಡುವೆ ಬಿರುಕಾಗಿ ಅಲ್ಲಿ ದ್ರವ ತುಂಬುತ್ತದೆ. ಬೆವರಿ ತೇವವಾದ ಚರ್ಮ ಕಾಲುಚೀಲಕ್ಕೆ ಹೆಚ್ಚು ಅಂಟುವುದರಿಂದ ಬೊಕ್ಕೆ ಇನ್ನೂ ಬೇಗ ಏಳುತ್ತದೆ. ಬೊಕ್ಕೆ ಏಳುವ ಮೊದಲು ಆ ಜಾಗ ಕೆಂಪಾಗಿ ಉರಿಯುತ್ತದೆ. ಆಗಲೇ ನಿಂತು ಹೇಳಬೇಕು, ಒಣ ಕಾಲುಚೀಲ ಬದಲಿಸಬೇಕು, ಪಟ್ಟಿ ಅಂಟಿಸಬೇಕು. ಎದ್ದ ಬೊಕ್ಕೆಯನ್ನು ನೀವಾಗಿ ಒಡೆಯಬೇಡಿ. ಮೇಲಿನ ಪದರವೇ ಒಳಗಿನ ಗಾಯಕ್ಕೆ ಮುಚ್ಚಳ. ತಾನೇ ಒಡೆದರೆ ಶುದ್ಧ ನೀರಿನಿಂದ ತೊಳೆದು ಶುಭ್ರವಾದ ಬಟ್ಟೆ ಕಟ್ಟಿ. ಕೆಂಪು ಹರಡಿದರೆ, ಕೀವು ಕಂಡರೆ ಆಸ್ಪತ್ರೆಗೆ ತೋರಿಸಿ.

ಅಣ್ಣನ ಬೂಟು ಹಾಕುವುದು ನಾಚಿಕೆಯ ವಿಷಯವಲ್ಲ. ನಾನೂ ಹಾಕಿ ಬೆಳೆದವನೇ. ಸ್ವಲ್ಪ ದೊಡ್ಡದಾದರೆ ಎರಡು ಜೊತೆ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಹರಡಿನ ಬಳಿ ಲಾಡಿಯನ್ನು ಬಿಗಿಯಾಗಿ ಕಟ್ಟಬಹುದು. ಚಿಕ್ಕದಾದರೆ ಮಾತ್ರ ಉಪಾಯವಿಲ್ಲ.

ಸಂಜೆ ಎಲ್ಲರೂ ಒಂದೊಂದು ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆದೆವು. ಸಂಜೆಯೇ ಏಕೆಂದರೆ ದಿನವಿಡೀ ನಡೆದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಕುಳಿತು ಎಳೆಯಬಾರದು, ದೇಹದ ಭಾರ ಬಿದ್ದಾಗ ಪಾದ ಅಗಲವಾಗುತ್ತದೆ. ಆಮೇಲೆ ಬೂಟನ್ನು ಆ ಚಿತ್ರದ ಮೇಲೆ ಇಟ್ಟು ನೋಡುವುದು. ಹೊರಗೆ ಗೆರೆ ಕಾಣಿಸಿದರೆ ಅಲ್ಲಿ ಬೂಟು ಒತ್ತುತ್ತದೆ ಎಂದರ್ಥ.

ಆ ಹುಡುಗಿ ತನ್ನ ಹಾಳೆಯ ಮೇಲೆ ಅಣ್ಣನ ಬೂಟಿಟ್ಟು, ಸುತ್ತಲೂ ಎಷ್ಟು ಜಾಗ ಉಳಿದಿದೆ ಎಂದು ಅಳೆದು ಬರೆದುಕೊಂಡಳು. ಆಮೇಲೆ ತಲೆಯೆತ್ತಿ, ‘ಸರ್, ಹೊಸ ಬೂಟು ತರುವಾಗ ನೀವು ಹೀಗೆ ಗೆರೆ ಎಳೆದು ನೋಡಿದ್ದಿರಾ?’ ಎಂದು ಕೇಳಿದಳು. ನಾನು ನೋಡಿರಲಿಲ್ಲ. ಅವಳೇ ಒಂದು ಹಾಳೆ ಹಾಸಿ ನನ್ನನ್ನು ನಿಲ್ಲಿಸಿ ಗೆರೆ ಎಳೆದಳು. ಬೆಂಕಿಗೆ ಸಿಗದೆ ಚೆನ್ನಾಗಿಯೇ ಉಳಿದಿದ್ದ ಎಡಗಾಲಿನ ಬೂಟನ್ನು ಅದರ ಮೇಲೆ ಇಟ್ಟೆವು. ಕಿರುಬೆರಳಿನ ಕಡೆ ಪೆನ್ಸಿಲ್ ಗೆರೆ ಅರ್ಧ ಸೆಂಟಿಮೀಟರ್ ಹೊರಗಿತ್ತು.